ಸ್ಟೀರಿಂಗ್, ಸಸ್ಪೆನ್ಷನ್ ಕೆಲಸಕ್ಕೆ ಕೈ ಪಳಗಿಸುವುದು ಎಲ್ಲಿ?

ಪ್ರಶ್ನೆ (ಹೊಸನಗರ): ಐಟಿಐಯಲ್ಲಿ ಎರಡು ವರ್ಷದ ಮೋಟಾರು ವಾಹನ ಮೆಕ್ಯಾನಿಕ್ ತರಬೇತಿ ಮುಗಿಸಿದ್ದೇನೆ. ಎಂಜಿನ್ ಬಿಚ್ಚಿ ಜೋಡಿಸಿದ ಅಭ್ಯಾಸವಿದೆ. ಸ್ಟೀರಿಂಗ್, ಸಸ್ಪೆನ್ಷನ್ ಮಾತ್ರ ಕರಿಹಲಗೆಯ ಮೇಲೆ ನೋಡಿದ್ದೇ ಹೆಚ್ಚು. ಶಿವಮೊಗ್ಗದಲ್ಲಿ ಕಂಪನಿ ವರ್ಕ್‌ಶಾಪ್ ಸೇರಲೇ, ಸಣ್ಣ ಗ್ಯಾರೇಜಿಗೆ ಹೋಗಲೇ? ಅನುಭವಸ್ಥರು ತಿಳಿಸಿ.

ತೀರ್ಥಹಳ್ಳಿಯಿಂದ: ಸಣ್ಣ ಗ್ಯಾರೇಜಿಗೇ ಹೋಗಿ, ಅದೂ ಮಳೆಗಾಲದಲ್ಲಿ. ತೋಟದ ದಾರಿಯ ಜೀಪುಗಳು, ಅಡಿಕೆ ಮೂಟೆ ಹೊರುವ ಪಿಕಪ್‌ಗಳು ಆಗ ಸಾಲುಗಟ್ಟುತ್ತವೆ. ಬಾಲ್ ಜಾಯಿಂಟಿನ (ಚಕ್ರದ ಬುಡವನ್ನು ಸಸ್ಪೆನ್ಷನ್ನಿಗೆ ಸೇರಿಸುವ ಗುಂಡು ಕೀಲು) ರಬ್ಬರ್ ಬೂಟು ಒಮ್ಮೆ ಹರಿಯಿತೆಂದರೆ ಕೆಸರು ನೀರು ಒಳಗಿಳಿದು ಗ್ರೀಸೆಲ್ಲ ಕೆಮ್ಮಣ್ಣಿನ ಪಾಯಸವಾಗಿರುತ್ತದೆ. ಅದನ್ನು ಬೆರಳಲ್ಲಿ ತೆಗೆದು ತಿಕ್ಕಿ ನೋಡಿ, ಮರಳು ಕೈಗೆ ಸಿಗುತ್ತದೆ.

ಸ್ಪ್ಯಾನರ್ ಹಿಡಿಯುವ ಮೊದಲು ಅಲುಗಿಸಿ ನೋಡುವುದನ್ನು ಕಲಿಯಿರಿ. ಗಾಡಿಯನ್ನು ಜಾಕಿನಿಂದ ಎತ್ತಿ ಸ್ಟ್ಯಾಂಡ್ ಕೊಡಿ (ಬರೀ ಜಾಕನ್ನು ನಂಬಿ ಅಡಿಗೆ ನುಸುಳುವವರನ್ನು ನಾನು ಗ್ಯಾರೇಜಿಗೇ ಸೇರಿಸುವುದಿಲ್ಲ). ಚಕ್ರವನ್ನು ಮೇಲೊಂದು ಕೆಳಗೊಂದು ಕೈಯಿಟ್ಟು ಅಲುಗಿಸಿ. ಪ್ಲೇ (ಸಡಿಲ) ಕಂಡರೆ ಒಬ್ಬರಿಂದ ಬ್ರೇಕ್ ತುಳಿಸಿ. ಅಲುಗಾಟ ನಿಂತರೆ ಬಹುಪಾಲು ಬೇರಿಂಗಿನದೇ ದೋಷ, ನಿಲ್ಲದಿದ್ದರೆ ಬಾಲ್ ಜಾಯಿಂಟ್ ನೋಡಿ. ಎಡಬಲ ಹಿಡಿದಾಗ ಮಾತ್ರ ಅಲುಗಿದರೆ ಟೈ ರಾಡ್ ಎಂಡ್ (ಚಕ್ರವನ್ನು ತಿರುಗಿಸುವ ಸರಳಿನ ತುದಿಯ ಕೀಲು) ಅಥವಾ ರ್ಯಾಕ್ (ಸ್ಟೀರಿಂಗ್ ತಿರುವನ್ನು ಆ ಸರಳಿಗೆ ಮುಟ್ಟಿಸುವ ಹಲ್ಲುಪಟ್ಟಿ) ಮೇಲೆ ಅನುಮಾನಪಡಿ. ಟೈ ರಾಡ್ ಎಂಡ್ ಬಿಚ್ಚುವಾಗ ಎಷ್ಟು ಸುತ್ತು ತಿರುಗಿಸಿದಾಗ ಹೊರಬಂತೆಂದು ಎಣಿಸಿ, ಹೊಸದನ್ನು ಅಷ್ಟೇ ಸುತ್ತು ಹಾಕಿ. ಆಮೇಲೆ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವುದು) ಮಾಡಿಸಲೇಬೇಕು. ಎಣಿಸಿದ್ದರೆ ಅಲ್ಲಿಯವರೆಗೆ ಗಾಡಿ ಓಡಿಸಿಕೊಂಡು ಹೋಗಬಹುದು.

ಸಾಗರದಿಂದ: ವರ್ಕ್‌ಶಾಪನ್ನು ಅಷ್ಟು ಸಲೀಸಾಗಿ ತಳ್ಳಿಹಾಕಬೇಡಿ. ನಾನೂ ಗ್ಯಾರೇಜಿನಲ್ಲೇ ಶುರು ಮಾಡಿದವನು. ರ್ಯಾಕ್ ಇಳಿಸುವ ಮುನ್ನ ಚಕ್ರಗಳನ್ನು ನೇರ ಮಾಡಿ ಸ್ಟೀರಿಂಗನ್ನು ಕಟ್ಟಿಡಬೇಕೆಂದು ಯಾರೂ ಹೇಳಿರಲಿಲ್ಲ. ಕಾಲಂ (ಸ್ಟೀರಿಂಗಿನಿಂದ ರ್ಯಾಕ್ ಕಡೆಗಿಳಿಯುವ ದಂಡ) ಕಳಚಿದ ಮೇಲೆ ಸುಮ್ಮನೆ ಸ್ಟೀರಿಂಗನ್ನು ಗಿರ್ರನೆ ತಿರುಗಿಸಿದೆ. ಮರುದಿನ ಹಾರ್ನ್ ಇಲ್ಲ, ಏರ್‌ಬ್ಯಾಗ್ ದೀಪ ಆರುತ್ತಿಲ್ಲ. ಒಳಗಿನ ಸುರುಳಿ ಕೇಬಲ್ ತುಂಡಾಗಿತ್ತು. ಅದರ ದುಡ್ಡು ಮೂರು ತಿಂಗಳ ಸಂಬಳದಲ್ಲಿ ಮುರಿದುಕೊಂಡು ಹೋಯಿತು.

ವರ್ಕ್‌ಶಾಪಿನಲ್ಲಿ ಇಂಥವನ್ನು ಕ್ರಮವಾಗಿ ಕಲಿಸುತ್ತಾರೆ. ಲೋವರ್ ಆರ್ಮ್ (ಚಕ್ರವನ್ನು ಗಾಡಿಗೆ ಹಿಡಿದಿಡುವ ಕೆಳತೋಳು) ರಬ್ಬರ್ ಬುಷ್ಷಿನ ಬೋಲ್ಟನ್ನು ಗಾಡಿ ನೆಲಕ್ಕಿಳಿದು ಭಾರ ಚಕ್ರದ ಮೇಲೆ ಬಿದ್ದ ಮೇಲೆಯೇ ಪೂರ್ತಿ ಬಿಗಿಯಬೇಕೆಂದು ನನಗೆ ಗೊತ್ತಾದದ್ದು ಅಲ್ಲಿ. ಎತ್ತಿದ ಸ್ಥಿತಿಯಲ್ಲೇ ಬಿಗಿದರೆ ರಬ್ಬರು ಸದಾ ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ. ಆದರೆ ಹೊಸಬರಿಗೆ ಮೊದಲ ಆರು ತಿಂಗಳು ಆಯಿಲ್ ಬದಲಿಸುವುದೇ ಕೆಲಸ, ಅದಕ್ಕೆ ತಯಾರಾಗಿರಿ.

ಭದ್ರಾವತಿಯಿಂದ: ನಾನು ಲಾರಿ ಪಟ್ಟಿ (ಲೀಫ್ ಸ್ಪ್ರಿಂಗ್) ಕೆಲಸದವನು. ಹೊಸ ಪಟ್ಟಿ ಹಾಕಿದ ಗಾಡಿ ಒಂದು ಲೋಡು ಹೊತ್ತು ಬಂದ ಮೇಲೆ ಪಟ್ಟಿಯನ್ನು ಆಕ್ಸಲಿಗೆ ಕಟ್ಟುವ ಯು ಬೋಲ್ಟ್‌ಗಳನ್ನು ಮತ್ತೆ ಬಿಗಿಯುತ್ತೇವೆ. ಕಾರಿನವರು ಎಲ್ಲೇ ಕಲಿಯಲಿ, ಸೇರುವ ಮುನ್ನ ಒಂದನ್ನು ನೋಡಿಕೊಳ್ಳಿ: ಅಲ್ಲಿ ಸ್ಟ್ರಟ್ (ಸ್ಪ್ರಿಂಗನ್ನು ಒತ್ತಿ ಕೂರಿಸಿದ ಶಾಕ್ ಅಬ್ಸಾರ್ಬರ್) ಬಿಚ್ಚುವುದು ಹೇಗೆ? ಸ್ಪ್ರಿಂಗನ್ನು ಸ್ಪ್ರಿಂಗ್ ಕಂಪ್ರೆಸರ್‌ನಿಂದ ಒತ್ತಿ ಹಿಡಿಯದೆ ಮೇಲಿನ ನಟ್ಟಿಗೆ ಕೈಹಾಕುವ ಜಾಗವಾದರೆ ಚಹಾ ಕುಡಿದು ಎದ್ದು ಬನ್ನಿ.