ಅಪೀಲು ಯಾಕೆ ಬೇಕು? ನಮ್ಮ ಮನೆಯ ಗುಂಪಿನಲ್ಲಿ ನಡೆದ ವಾದ

*ಸಾಗರದ ದೊಡ್ಡಪ್ಪ:* (ಪತ್ರಿಕೆಯ ತುಣುಕು) ಬೆಂಗಳೂರಿನ ರಿಂಗ್ ರಸ್ತೆ ಕೊಲೆ ಪ್ರಕರಣ. ಎಲ್ಲರೂ ಓದಿ. ಕೊಲೆ ನಡೆದದ್ದು 2003ರ ಡಿಸೆಂಬರ್‌ನಲ್ಲಿ, ಕೊಲೆಯಾದ ಹುಡುಗನ ನಿಶ್ಚಿತಾರ್ಥವಾದ ಕೆಲವೇ ದಿನಗಳಿಗೆ. ಜೀವಾವಧಿ ಶಿಕ್ಷೆ ಆದದ್ದು 2010ರಲ್ಲಿ. ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು 2025ರ ಜುಲೈಯಲ್ಲಿ. ಆಗಲೂ ಮುಗಿಯಲಿಲ್ಲ, ರಾಜ್ಯಪಾಲರಲ್ಲಿ ಕ್ಷಮಾದಾನ ಕೇಳಲು ಶಿಕ್ಷೆಯಾದವರಿಗೆ ಎಂಟು ವಾರ ಕೊಟ್ಟರು. ಒಮ್ಮೆ ಕೊಲೆ ಸಾಬೀತಾದ ಮೇಲೆ ಅಪೀಲು ಯಾಕೆ ಬೇಕು?

*ಬೆಂಗಳೂರಿನ ತಮ್ಮ:* ಸರಿಯಾಗಿ ಕೇಳಿದಿರಿ ದೊಡ್ಡಪ್ಪ. ದುಡ್ಡಿದ್ದವರಿಗೆ ಒಂದಾದ ಮೇಲೊಂದು ಕೋರ್ಟು. ಮಗನನ್ನು ಕಳೆದುಕೊಂಡವರು ಮಾತ್ರ ಪ್ರತಿ ತೀರ್ಪಿಗೂ ಕಾಯುತ್ತಾ ಕೂರಬೇಕು.

*ಧಾರವಾಡದ ಅಕ್ಕ:* ದೊಡ್ಡಪ್ಪ, ಇಪ್ಪತ್ತೊಂದೂವರೆ ವರ್ಷ ಎನ್ನುವುದು ಅನ್ಯಾಯವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ವಿಳಂಬವನ್ನೂ ಅಪೀಲನ್ನೂ ಒಂದೇ ಗಂಟಿಗೆ ಕಟ್ಟಬೇಡಿ. ಶಿಕ್ಷೆ ಮಾತ್ರವಲ್ಲ, ಸಾಕ್ಷ್ಯ ಸರಿಯಿದೆಯೇ ಎಂದು ಮೊದಲಿನಿಂದ ಕೊನೆಯವರೆಗೆ ಎರಡನೆಯ ಬಾರಿ ಓದುವ ಜಾಗ ಹೈಕೋರ್ಟ್. ಅಲ್ಲಿ ಇಬ್ಬರು ನ್ಯಾಯಮೂರ್ತಿಗಳು ಕುಳಿತು ಓದುತ್ತಾರೆ. ಸುಪ್ರೀಂ ಕೋರ್ಟ್‌ನಲ್ಲಿ ಹಾಗಲ್ಲ, ಸಾಮಾನ್ಯವಾಗಿ ಮೊದಲು ಅನುಮತಿಯೇ ಸಿಗಬೇಕು.

*ಸಾಗರದ ದೊಡ್ಡಪ್ಪ:* ಸಾಕ್ಷಿಗಳನ್ನು ಕಣ್ಣಾರೆ ನೋಡಿದವರು ಸೆಷನ್ಸ್ ನ್ಯಾಯಾಧೀಶರು. ಯಾರು ತಡವರಿಸಿದರು, ಯಾರು ಗಟ್ಟಿಯಾಗಿ ನಿಂತರು ಎನ್ನುವುದು ಅವರಿಗೆ ಗೊತ್ತು. ಮೇಲಿನವರು ಓದುವುದು ಬರೀ ಕಾಗದವನ್ನು.

*ಧಾರವಾಡದ ಅಕ್ಕ:* ಕಾಗದವೇ, ನಿಜ. ಈಗ ನನ್ನ ಮೇಜಿನ ಮೇಲೆ ಅಂಥದೊಂದು ಪೇಪರ್ ಬುಕ್ (ಅಪೀಲಿಗಾಗಿ ಸೇರಿಸಿದ ಪ್ರಕರಣದ ಕಾಗದಗಳ ಕಟ್ಟು) ಇದೆ. ಊರು, ಹೆಸರು ಹೇಳುವುದಿಲ್ಲ. ಕೂಲಿಯವನು, ಜೀವಾವಧಿ ಶಿಕ್ಷೆಯಾಗಿದೆ. ಕೊಲೆಯನ್ನು ನೋಡಿದವರು ಯಾರೂ ಇಲ್ಲ. ಕೆರೆ ಏರಿಯ ಪೊದೆಯಿಂದ ಅವನೇ ಮಚ್ಚು ತೆಗೆದುಕೊಟ್ಟ ಎನ್ನುವ ಮಹಜರೇ (ಪಂಚ ಎಂಬ ಸಾಕ್ಷಿಯ ಮುಂದೆ ಪೊಲೀಸರು ಬರೆಯುವ ದಾಖಲೆ) ಪ್ರಾಸಿಕ್ಯೂಷನ್‌ಗೆ ಆಧಾರ. ಮಹಜರು ಬೆಳಿಗ್ಗೆ ಹತ್ತೂವರೆಗೆ ಶುರುವಾಗಿ ಹನ್ನೊಂದೂವರೆಗೆ ಮುಗಿಯಿತು ಎಂದು ಬರೆದಿದೆ. ಅದೇ ಪಂಚ ಅದೇ ದಿನ ಹನ್ನೊಂದು ಗಂಟೆಗೆ ಆಸ್ಪತ್ರೆಯಲ್ಲಿ, ಮೃತನ ಬಟ್ಟೆ ವಶಪಡಿಸಿಕೊಂಡ ಇನ್ನೊಂದು ಮಹಜರಿಗೂ ಸಹಿ ಹಾಕಿದ್ದಾನೆ. ಪಾಟೀಸವಾಲಿನಲ್ಲಿ, ಅಂದರೆ ಎದುರು ವಕೀಲರು ಪ್ರಶ್ನಿಸಿದಾಗ, ಅವನ ಮಾತು: "ಠಾಣೆಗೆ ಕರೆಸಿ ಸಹಿ ಹಾಕಿಸಿಕೊಂಡರು." ಸೆಷನ್ಸ್ ಕೋರ್ಟಿನ ತೀರ್ಪಿನಲ್ಲಿ ಇದಕ್ಕೆ ಒಂದು ಸಾಲಿನ ಉತ್ತರವೂ ಇಲ್ಲ. ಅಪೀಲು ಇಲ್ಲದಿದ್ದರೆ ಆ ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟು ಯಾರು ನೋಡುತ್ತಾರೆ?

*ಸಾಗರದ ದೊಡ್ಡಪ್ಪ:* ಅವನೇ ಕೊಂದಿದ್ದರೆ?

*ಧಾರವಾಡದ ಅಕ್ಕ:* ಕೊಂದಿರಬಹುದು. 'ಕೊಂದಿರಬಹುದು' ಎಂದು ಒಬ್ಬನನ್ನು ಜೀವಮಾನವಿಡೀ ಒಳಗಿಡಲು ಬರುವುದಿಲ್ಲ. 1984ರಲ್ಲಿ ಶರದ್ ಸಾರ್ದಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕಣ್ಣಾರೆ ಕಂಡವರಿಲ್ಲದಾಗ ಆಧಾರವಾಗುವ ಸಾಂದರ್ಭಿಕ ಸಾಕ್ಷ್ಯಕ್ಕೆ ಐದು ನಿಯಮ ಹಾಕಿಕೊಟ್ಟಿತು. ಕೊಂಡಿಗಳೆಲ್ಲ ಕೂಡಿರಬೇಕು, ಬೇರೆ ಯಾವ ಊಹೆಗೂ ಎಡೆ ಇರಬಾರದು. ಆ ಆರೋಪಿಗೆ ಸೆಷನ್ಸ್ ಕೋರ್ಟ್ ಮರಣದಂಡನೆ ಕೊಟ್ಟಿತ್ತು, ಹೈಕೋರ್ಟ್ ಅದನ್ನು ಉಳಿಸಿತ್ತು. ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿತು.

*ಬೆಂಗಳೂರಿನ ತಮ್ಮ:* ನಲವತ್ತು ವರ್ಷ ಹಳೆಯದು ಅಕ್ಕ.

*ಧಾರವಾಡದ ಅಕ್ಕ:* ಹೊಸದು ಬೇಕೇ? ಮಹಾರಾಷ್ಟ್ರದಲ್ಲಿ ಅಲೆಮಾರಿ ಸಮುದಾಯದ ಆರು ಜನ. 2009ರಲ್ಲಿ ಸುಪ್ರೀಂ ಕೋರ್ಟೇ ಆರೂ ಜನರಿಗೆ ಮರಣದಂಡನೆ ಎಂದು ತೀರ್ಪು ಕೊಟ್ಟಿತು. 2019ರ ಮಾರ್ಚ್‌ನಲ್ಲಿ ಅದೇ ಸುಪ್ರೀಂ ಕೋರ್ಟ್ ಆರೂ ಜನರನ್ನು ಬಿಡುಗಡೆ ಮಾಡಿ ತಲಾ ಐದು ಲಕ್ಷ ರೂಪಾಯಿ ಪರಿಹಾರ ಕೊಡಲು ರಾಜ್ಯಕ್ಕೆ ಹೇಳಿತು. ಅಷ್ಟರಲ್ಲಿ ಹದಿನಾರು ವರ್ಷ ಜೈಲಿನಲ್ಲಿ ಕಳೆದಿದ್ದರು. 2009ರಲ್ಲೇ ಬಾಗಿಲು ಮುಚ್ಚಿದ್ದರೆ ಆರು ಹೆಣಗಳು ಬೀಳುತ್ತಿದ್ದವು.

*ಮೈಸೂರಿನ ಅತ್ತೆ:* ಅಯ್ಯೋ. ವಕೀಲರಿಗೆ ಕೊಡಲು ಕಾಸಿಲ್ಲದವರು ಏನು ಮಾಡುತ್ತಾರೆ?

*ಧಾರವಾಡದ ಅಕ್ಕ:* ಅತ್ತೆ, ಜೈಲಿನಲ್ಲಿರುವವನು ಅಪೀಲು ಅರ್ಜಿಯನ್ನು ಜೈಲಿನ ಅಧಿಕಾರಿಯ ಕೈಗೇ ಕೊಡಬಹುದು, ಅವರು ಹೈಕೋರ್ಟ್‌ಗೆ ಕಳುಹಿಸಬೇಕು. ತೀರ್ಪಿನ ಪ್ರತಿ ಉಚಿತ. ಬಂಧನದಲ್ಲಿರುವ ಯಾರಿಗಾದರೂ ಕಾನೂನು ಸೇವಾ ಸಮಿತಿ ವಕೀಲರನ್ನು ಒದಗಿಸಬೇಕು. ಜೀವಾವಧಿ ಶಿಕ್ಷೆಯಾದರೆ ಅಪೀಲಿಗೆ ಅರವತ್ತು ದಿನ, ಮರಣದಂಡನೆಯಾದರೆ ಮೂವತ್ತೇ ದಿನ. ಮರಣದಂಡನೆಯಂತೂ ಅವನು ಅಪೀಲು ಹಾಕದಿದ್ದರೂ ಹೈಕೋರ್ಟ್ ಖಾಯಂ ಮಾಡದೆ ಜಾರಿಯಾಗುವಂತಿಲ್ಲ.

*ಬೆಂಗಳೂರಿನ ತಮ್ಮ:* ಸರಿ, ಅಪೀಲು ಇರಲಿ. ಅದು ಮುಗಿಯುವವರೆಗೆ ಒಳಗೇ ಇರಲಿ. ಹೊರಗೆ ಓಡಾಡುವುದಕ್ಕೆ ಯಾಕೆ ಬಿಡಬೇಕು?

*ಧಾರವಾಡದ ಅಕ್ಕ:* ಕೊಲೆಯಲ್ಲಿ ಶಿಕ್ಷೆ ಅಮಾನತು ಮಾಡುವ, ಅಂದರೆ ಅಪೀಲು ಮುಗಿಯುವವರೆಗೆ ಶಿಕ್ಷೆ ತಡೆದು ಜಾಮೀನಿನ ಮೇಲೆ ಬಿಡುವ ಮೊದಲು ಸರ್ಕಾರಿ ಅಭಿಯೋಜಕರಿಗೆ ಲಿಖಿತ ಆಕ್ಷೇಪ ಸಲ್ಲಿಸಲು ಅವಕಾಶ ಕೊಡಲೇಬೇಕು. ಕೇಳಿದ ಕೂಡಲೇ ಸಿಗುವುದಿಲ್ಲ. ಆದರೆ ಅಪೀಲು ವರ್ಷಗಟ್ಟಲೆ ವಿಚಾರಣೆಗೆ ಬರದಿದ್ದರೆ? 1977ರಲ್ಲೇ ಕಾಶ್ಮೀರಾ ಸಿಂಗ್ ಪ್ರಕರಣದಲ್ಲಿ ನ್ಯಾಯಮೂರ್ತಿ ಭಗವತಿ ಇದನ್ನು ಎತ್ತಿದರು. ಅಪೀಲನ್ನು ಸಕಾಲದಲ್ಲಿ ಕೇಳಲು ನಮಗೇ ಆಗದಿರುವಾಗ ಅವನನ್ನು ಒಳಗಿಟ್ಟು, ಕೊನೆಗೆ ನಿರಪರಾಧಿ ಎಂದರೆ ಕಳೆದ ವರ್ಷಗಳನ್ನು ಯಾರು ತಂದುಕೊಡುತ್ತಾರೆ? ನಿನ್ನ ಸಿಟ್ಟು ಜಾಮೀನಿನ ಮೇಲೆ ಬೇಡ. ಅಪೀಲನ್ನು ಪಟ್ಟಿಯಲ್ಲೇ ಕೊಳೆಯಲು ಬಿಡುವುದರ ಮೇಲೆ ಇರಲಿ.

*ಶಿರಸಿಯ ಚಿಕ್ಕಮ್ಮ:* ನಾನು ಇಷ್ಟು ಹೊತ್ತು ಸುಮ್ಮನಿದ್ದೆ. ನನ್ನ ಶಾಲೆಯಲ್ಲಿ ಜೊತೆಗೆ ಪಾಠ ಮಾಡುತ್ತಿದ್ದವರ ಮಗನನ್ನು ಕೊಂದವರು ಮೂವರು. ಇಬ್ಬರಿಗೆ ಜೀವಾವಧಿ ಆಯಿತು. ಈಗ ಒಬ್ಬ ಶಿಕ್ಷೆ ಅಮಾನತಾಗಿ ಬಂದಿದ್ದಾನೆ. ಅವರು ಹಾಲು ತರಲು ಹೋದರೆ ಡೇರಿಯ ಮುಂದೆ ಅವನೇ ನಿಂತಿರುತ್ತಾನೆ. ಈಗ ಸೊಸೆಯನ್ನು ಕಳುಹಿಸುತ್ತಾರೆ. ಮಗಳೇ, ನೀನು ಹೇಳುವ ಕಾನೂನಿನಲ್ಲಿ ಆ ತಾಯಿಗೆ ಜಾಗ ಎಲ್ಲಿದೆ?

*ಸಾಗರದ ದೊಡ್ಡಪ್ಪ:* ಇದನ್ನೇ ನಾನೂ ಕೇಳುತ್ತಿರುವುದು.

*ಧಾರವಾಡದ ಅಕ್ಕ:* ಚಿಕ್ಕಮ್ಮ, ಬಹಳ ಕಾಲ ಜಾಗವೇ ಇರಲಿಲ್ಲ. ಸರ್ಕಾರ ಅಪೀಲು ಹಾಕಿದರೆ ಉಂಟು, ಇಲ್ಲದಿದ್ದರೆ ಇಲ್ಲ ಎನ್ನುವ ಸ್ಥಿತಿ. 2009ರ ಕೊನೆಗೆ ಕಾನೂನು ಬದಲಾಯಿತು. 2018ರಲ್ಲಿ ಕರ್ನಾಟಕದ್ದೇ ಮಲ್ಲಿಕಾರ್ಜುನ ಕೊಡಗಲಿ ಪ್ರಕರಣದಲ್ಲಿ, ಆರೋಪಿಯನ್ನು ನಿರಪರಾಧಿ ಎಂದು ಬಿಡುಗಡೆ ಮಾಡಿದ ತೀರ್ಪಿನ ವಿರುದ್ಧ ಸಂತ್ರಸ್ತರು ಯಾರ ಅನುಮತಿಯನ್ನೂ ಕೇಳದೆ ಅಪೀಲು ಹಾಕಬಹುದು ಎಂದು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಆ ಮೂರನೆಯವನು ಬಿಡುಗಡೆಯಾದನೇ?

*ಶಿರಸಿಯ ಚಿಕ್ಕಮ್ಮ:* ಹೌದು. ಸಾಕ್ಷಿ ಸಾಲದು ಎಂದರಂತೆ.

*ಧಾರವಾಡದ ಅಕ್ಕ:* ಹಾಗಾದರೆ ಅವರೇ ಅಪೀಲು ಹಾಕಬಹುದು. ದೊಡ್ಡಪ್ಪ, ಗಮನಿಸಿ, ಅಪೀಲನ್ನೇ ತೆಗೆದುಹಾಕಿದರೆ ಆ ತಾಯಿಯ ದಾರಿಯೂ ಮುಚ್ಚುತ್ತದೆ. ಹೊರಗೆ ಬಂದವನು ಸಾಕ್ಷಿಗಳನ್ನು ಹೆದರಿಸಿದರೆ, ಷರತ್ತು ಮುರಿದರೆ, ಜಾಮೀನು ರದ್ದು ಮಾಡಿ ಎಂದು ಕೇಳಲು ಬರುತ್ತದೆ. ಡೇರಿಯ ಮುಂದೆ ನಿಲ್ಲುವುದನ್ನಷ್ಟೇ ಹೇಳಿದರೆ ಸಾಲದು, ಏನಾದರೂ ಮಾತನಾಡಿದ್ದರೆ ದಿನಾಂಕದ ಸಮೇತ ಬರೆದಿಟ್ಟುಕೊಳ್ಳಲು ಹೇಳಿ.

*ಸಾಗರದ ದೊಡ್ಡಪ್ಪ:* ಆಯಿತು, ಒಂದು ಅಪೀಲಿಗೆ ನಾನೂ ಒಪ್ಪುತ್ತೇನೆ. ಆದರೆ ಎರಡು ವರ್ಷದಲ್ಲಿ ಮುಗಿಯಬೇಕು ಎಂದು ಕಾನೂನಿನಲ್ಲೇ ಬರೆಯಲಿ. ಆ ಮಾತನ್ನು ನಾನು ಬಿಡುವುದಿಲ್ಲ.

*ಧಾರವಾಡದ ಅಕ್ಕ:* ಬಿಡಬೇಡಿ. ಕೊಲೆ ಅಪೀಲುಗಳಿಗೇ ಮೀಸಲಾದ ಪೀಠ, ಖಾಲಿ ಇರುವ ನ್ಯಾಯಮೂರ್ತಿ ಹುದ್ದೆಗಳ ಭರ್ತಿ, ಪೇಪರ್ ಬುಕ್ ತಯಾರಿಗೆ ಸಾಕಷ್ಟು ಸಿಬ್ಬಂದಿ, ಇವನ್ನೂ ಸೇರಿಸಿ ಕೇಳಿ. ನಾನೂ ಸಹಿ ಹಾಕುತ್ತೇನೆ.

*ಬೆಂಗಳೂರಿನ ತಮ್ಮ:* ನನಗಿನ್ನೂ ಪೂರ್ತಿ ಒಪ್ಪಿಗೆಯಾಗಿಲ್ಲ ಅಕ್ಕ. ಶಿಕ್ಷೆಯಾದವನು ಅದೇ ಬೀದಿಗೆ ಬರಬಾರದು ಎಂಬ ಷರತ್ತಾದರೂ ಇರಬೇಕು.

*ಧಾರವಾಡದ ಅಕ್ಕ:* ನ್ಯಾಯಾಲಯ ಅಂಥ ಷರತ್ತು ಹಾಕಬಹುದು. ಕೇಳುವವರು ಬೇಕು. ಚಿಕ್ಕಮ್ಮ, ಕ್ರಿಮಿನಲ್ ಅಪೀಲಿನ ಸಂಖ್ಯೆ, ಇಸವಿ ಇದ್ದರೆ ನನಗೆ ಕಳುಹಿಸಿ, ಗುಂಪಿನಲ್ಲಿ ಬೇಡ. ಸೆಷನ್ಸ್ ತೀರ್ಪಿನ ಪ್ರತಿಯೂ ಬೇಕು.

*ಶಿರಸಿಯ ಚಿಕ್ಕಮ್ಮ:* ತೀರ್ಪು ಅವರ ಮನೆಯಲ್ಲಿದೆ. ನಾಳೆ ಶಾಲೆ ಬಿಟ್ಟ ಮೇಲೆ ಹೋಗಿ ಪ್ರತಿ ಪುಟದ ಫೋಟೊ ತೆಗೆದು ಕಳುಹಿಸುತ್ತೇನೆ.