ಪ್ಲಾನ್ (ನಕ್ಷೆ) ತರಿಸಿ ಮನೆಯಲ್ಲೇ ಅಲ್ಟ್ರಾಲೈಟ್ (ತೀರಾ ಹಗುರ) ವಿಮಾನ ಕಟ್ಟಬೇಕು, ಎಲ್ಲಿಂದ ಶುರು ಮಾಡಲಿ?

ಖಾಲಿ_ಗ್ಯಾರೇಜ್ (ಟೆಕ್ಸಸ್):
ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವನು, ಎಂಟು ವರ್ಷದಿಂದ ಟೆಕ್ಸಸ್‌ನಲ್ಲಿದ್ದೇನೆ. ಇಲ್ಲಿ ಅಮೆರಿಕದಲ್ಲಿ ಪಾರ್ಟ್ 103 ಅಂತ ಒಂದು ವಿಮಾನಯಾನ ನಿಯಮ ಇದೆ. ಒಬ್ಬರೇ ಕೂರುವ, ಖಾಲಿ ತೂಕ 254 ಪೌಂಡ್ (ಸುಮಾರು 115 ಕೆಜಿ) ಒಳಗಿರುವ ವಿಮಾನಕ್ಕೆ ಲೈಸೆನ್ಸೂ ಬೇಡ, ನೋಂದಣಿಯೂ ಬೇಡ. ಹಾಗಾಗಿ ನಾನೇ ಒಂದು ಕಟ್ಟಬೇಕು ಅಂತ ತುಂಬಾ ದಿನದ ಆಸೆ. ಪ್ಲಾನ್ ಸಿಗುವ ಮಾದರಿಗಳಲ್ಲಿ ಅಫೋರ್ಡಾಪ್ಲೇನ್ ಮಾಡಲೋ ಲೀಗಲ್ ಈಗಲ್ ಮಾಡಲೋ ಗೊತ್ತಾಗುತ್ತಿಲ್ಲ. ವೆಲ್ಡಿಂಗ್ ಬರುವುದಿಲ್ಲ. ಖರ್ಚು ಕಮ್ಮಿ ಮಾಡಲು ಹತ್ತಿರದ ಹಾರ್ಡ್‌ವೇರ್ ಅಂಗಡಿಯ ಬೋಲ್ಟು, ಅಲ್ಯೂಮಿನಿಯಂ ಪೈಪು ಹಾಕಬಹುದಾ? ಕಟ್ಟಿದವರು ಯಾರಾದರೂ ಇದ್ದರೆ ಹೇಳಿ.

ಅರ್ಧ_ಬೀಟಲ್ (ಓಹಾಯೋ):
ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಖಂಡಿತ ಬೇಡ ಸರ್. ಪ್ಲಾನ್‌ನಲ್ಲಿ 6061-ಟಿ6 (ಅಲ್ಯೂಮಿನಿಯಂನ ಒಂದು ದರ್ಜೆ) ಅಂತ ಬರೆದಿದ್ದರೆ ಅದೇ ಬೇಕು. ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ಕಿಟಕಿ ಬಾಗಿಲಿನ ಫ್ರೇಮಿಗೆ ಹಾಕುವ 6063, ನೋಡಲು ಒಂದೇ ತರ ಇರುತ್ತದೆ, ಬಲ ಮಾತ್ರ ತುಂಬಾ ಕಮ್ಮಿ. ಬೋಲ್ಟೂ ಅಷ್ಟೇ. ವಿಮಾನದ ಎಎನ್ ಬೋಲ್ಟಿನಲ್ಲಿ ಥ್ರೆಡ್ ಇಲ್ಲದ ನುಣುಪು ಭಾಗ ಎಷ್ಟು ಉದ್ದ ಬೇಕೋ ಅಷ್ಟು ಆರಿಸಿಕೊಳ್ಳಬಹುದು, ಆಗ ಥ್ರೆಡ್ ತೂತಿನೊಳಗೆ ಕೂತು ಪೈಪನ್ನು ಕೊರೆಯುವುದಿಲ್ಲ.

ನಾನು ಕಟ್ಟಿದ್ದು ಲೀಗಲ್ ಈಗಲ್. ಅದರ ಮೈ 4130 ಅನ್ನುವ ದರ್ಜೆಯ ಸ್ಟೀಲ್ ಪೈಪು, ವೆಲ್ಡಿಂಗ್ ಕಲಿಯದೆ ಆಗುವುದಿಲ್ಲ, ನಾನು ಸಂಜೆ ಕ್ಲಾಸಿಗೆ ಹೋಗಿ ಕಲಿತೆ. ಎಂಜಿನ್ ಅಂದರೆ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ನಾಲ್ಕು ಸಿಲಿಂಡರ್ ಎಂಜಿನ್ನನ್ನು ಕತ್ತರಿಸಿ ಎರಡು ಸಿಲಿಂಡರ್ ಮಾಡಿದ್ದು. ಅಫೋರ್ಡಾಪ್ಲೇನ್‌ಗೆ ವೆಲ್ಡಿಂಗ್ ತಲೆನೋವು ಇಲ್ಲ, ಪೈಪು ಕತ್ತರಿಸಿ, ತೂತು ಕೊರೆದು, ಬೋಲ್ಟು ಹಾಕಿ ಜೋಡಿಸುವುದು. ನಿಮಗೆ ಅದೇ ಸರಿ ಅನ್ನಿಸುತ್ತದೆ.

ದುಡ್ಡಿಗಿಂತ ಜಾಸ್ತಿ ಕಾಡುವುದು ತೂಕ. ರೆಕ್ಕೆಗೆ ಡೇಕ್ರಾನ್ (ಪಾಲಿಯೆಸ್ಟರ್) ಬಟ್ಟೆ ಅಂಟಿಸಿ ಇಸ್ತ್ರಿ ಪೆಟ್ಟಿಗೆಯಲ್ಲಿ ಬಿಸಿ ಮಾಡಿದರೆ ಅದು ಕುಗ್ಗಿ ಡೋಲಿನ ಚರ್ಮದ ಹಾಗೆ ಬಿಗಿಯಾಗುತ್ತದೆ, ಅಲ್ಲಿಗೆ ಎಲ್ಲ ಚೆನ್ನಾಗಿತ್ತು. ಆಮೇಲೆ ಚೆಂದ ಕಾಣಲಿ ಅಂತ ಇನ್ನೊಂದು ಕೋಟ್ ಬಣ್ಣ ಹೊಡೆದೆ. ತೂಕ ಹಾಕಿದರೆ 254 ದಾಟಿತ್ತು! ಸೀಟು, ಚಕ್ರ, ಸಿಕ್ಕ ಸಿಕ್ಕಿದ್ದೆಲ್ಲ ಬದಲಾಯಿಸಿ ಇಳಿಸಬೇಕಾಯಿತು. ಮೊದಲ ದಿನದಿಂದಲೇ ತಕ್ಕಡಿ ಪಕ್ಕದಲ್ಲಿರಲಿ, ಮಾಡಿದ ಪ್ರತಿ ಭಾಗದ ತೂಕ ಬರೆದಿಡಿ.

ಬಾಲಚಕ್ರ:
ಲೈಸೆನ್ಸ್ ಬೇಡ ಅಂದರೆ ತರಬೇತಿ ಬೇಡ ಅಂತ ಅಲ್ಲ, ದಯವಿಟ್ಟು ಇದನ್ನು ಮನಸ್ಸಿನಲ್ಲಿಡಿ. ಇಷ್ಟು ಹಗುರ ವಿಮಾನಕ್ಕೆ ತನ್ನಷ್ಟಕ್ಕೇ ಮುಂದೆ ಸಾಗುವ ಓಟದ ಬಲ ಕಮ್ಮಿ, ಅದರ ಹೊರಗಿರುವ ತಂತಿ ಕಂಬಿಗಳಿಗೆ ತಾಗುವ ಗಾಳಿಯ ತಡೆ ಜಾಸ್ತಿ. ಎಂಜಿನ್ ನಿಂತರೆ ವೇಗ ಎರಡು ಮೂರು ಸೆಕೆಂಡಿನಲ್ಲೇ ಬಿದ್ದುಹೋಗುತ್ತದೆ, ಮೂತಿಯನ್ನು ತಕ್ಷಣ ಕೆಳಗೆ ಮಾಡಬೇಕು. ಸೆಸ್ನಾದಂಥ ಮಾಮೂಲಿ ಸಣ್ಣ ವಿಮಾನ ಹಾರಿಸಿ ಅಭ್ಯಾಸ ಇದ್ದವರೂ ಇಲ್ಲೇ ಎಡವುತ್ತಾರೆ. ಎರಡು ಸೀಟಿನ ಹಗುರ ವಿಮಾನದಲ್ಲಿ, ಆದರೆ ಬಾಲದಲ್ಲಿ ಚಕ್ರ ಇರುವಂಥದ್ದರಲ್ಲಿ, ಕಲಿತು ಆಮೇಲೆ ನಿಮ್ಮದನ್ನು ಹತ್ತಿ. ಪ್ಯಾರಾಶೂಟ್ ಬಿಡಬೇಡಿ, ಅದಕ್ಕೆ 24 ಪೌಂಡ್ ತನಕ ತೂಕದ ಲೆಕ್ಕದಲ್ಲಿ ವಿನಾಯಿತಿ ಕೊಡುತ್ತಾರೆ. ಮತ್ತೆ ಊರಿನ ಮೇಲೆ, ಜನ ಸೇರಿರುವ ಕಡೆ ಹಾರಿಸುವ ಹಾಗಿಲ್ಲ.

ಜಕ್ಕೂರು_ಹುಡುಗ (ಬೆಂಗಳೂರು):
ಓದಿ ತುಂಬಾ ಖುಷಿ ಆಯಿತು ಅಣ್ಣ. ಜಕ್ಕೂರು ಏರೋಡ್ರೋಮ್‌ನಲ್ಲಿ ಮೈಕ್ರೋಲೈಟ್ (ಪುಟ್ಟ ಹಗುರ ವಿಮಾನ) ನೋಡುತ್ತಾ ಬೆಳೆದವನು ನಾನು. ನಮ್ಮಲ್ಲಿ 103 ತರದ ವಿನಾಯಿತಿ ಇಲ್ಲ, ಮೈಕ್ರೋಲೈಟ್ ಆದರೂ ಡಿಜಿಸಿಎ (ವಿಮಾನಯಾನ ಮಹಾನಿರ್ದೇಶನಾಲಯ) ನೋಂದಣಿ ಬೇಕು. ಮುಂಬೈನ ಅಮೋಲ್ ಯಾದವ್ ಮನೆ ಟೆರೇಸ್ ಮೇಲೆ ವಿಮಾನ ಕಟ್ಟಿದರಲ್ವಾ, ವರ್ಷಗಟ್ಟಲೆ ಓಡಾಡಿದ ಮೇಲೆ 2017ರಲ್ಲಿ ನೋಂದಣಿ ಸಿಕ್ಕಿತು. ನಿಮಗೆ ಅಲ್ಲಿ ದಾರಿ ತೆರೆದಿದೆ, ಪೂರ್ತಿ ಮಾಡಿ, ಫೋಟೋ ಹಾಕಿ.

ಅರ್ಧ_ಬೀಟಲ್:
ಇನ್ನೊಂದು ಮಾತು. ನಿಮ್ಮ ಊರಿನ ಇಎಎ (ಸ್ವಂತ ವಿಮಾನ ಕಟ್ಟುವವರ ಸಂಘ) ಶಾಖೆಗೆ ಹೋಗಿ. ಅಲ್ಲಿ ಟೆಕ್ನಿಕಲ್ ಕೌನ್ಸಿಲರ್ ಇರುತ್ತಾರೆ, ಸದಸ್ಯರ ಮನೆಗೇ ಬಂದು ಕೆಲಸ ನೋಡುತ್ತಾರೆ, ದುಡ್ಡು ತೆಗೆದುಕೊಳ್ಳುವುದಿಲ್ಲ. ಬಟ್ಟೆ ಮುಚ್ಚುವ ಮೊದಲೇ ತೋರಿಸಿ, ಮುಚ್ಚಿದ ಮೇಲೆ ಒಳಗಿನ ಕೆಲಸ ಯಾರಿಗೂ ಕಾಣುವುದಿಲ್ಲ. ಶುರು ಮಾಡುವಾಗ ಬಾಲದ ರಡ್ಡರ್‌ನಿಂದ (ಮೂತಿಯನ್ನು ಎಡಬಲ ತಿರುಗಿಸುವ ಹಲಗೆ) ಮಾಡಿ, ಚಿಕ್ಕದು, ಕೆಟ್ಟರೂ ನಷ್ಟ ಕಮ್ಮಿ.

ಖಾಲಿ_ಗ್ಯಾರೇಜ್:
ಎಲ್ಲರಿಗೂ ಧನ್ಯವಾದ. ಅಫೋರ್ಡಾಪ್ಲೇನ್ ಪ್ಲಾನ್‌ಗೆ ಇವತ್ತೇ ಆರ್ಡರ್ ಹಾಕಿದೆ. ರಡ್ಡರ್‌ಗೆ ಬೇಕಾದ ಪೈಪು ಮಾತ್ರ ಮೊದಲು ತರಿಸುತ್ತೇನೆ, ತಕ್ಕಡಿಯನ್ನೂ ಜೊತೆಗೆ.