ಅಪ್‌ಡೇಟ್: ಅಪ್ಪಯ್ಯನ ಕೊಲೆಸ್ಟ್ರಾಲ್ ಮಾತ್ರೆ ಮತ್ತು ಮರೆವು

ಎರಡು ತಿಂಗಳ ಹಿಂದೆ ಇಲ್ಲಿ ಕೇಳಿದ್ದೆ: ಮರೆವಿನ ಕಾಯಿಲೆ ಇರುವ ಅಪ್ಪಯ್ಯನಿಗೆ ಅಟೋರ್ವಾಸ್ಟಾಟಿನ್ ಅನ್ನೋ ಕೊಲೆಸ್ಟ್ರಾಲ್ ಮಾತ್ರೆಯಿಂದಲೇ ಗೊಂದಲ ಜಾಸ್ತಿ ಆಗ್ತಿದೆಯಾ, ನಿಲ್ಲಿಸಬಹುದಾ ಅಂತ. ಕವಳ (ಎಲೆ ಅಡಿಕೆ) ಹಾಕಲು ಕೂತರೆ ಒಂದೇ ಎಲೆಗೆ ಎರಡೆರಡು ಸಲ ಸುಣ್ಣ ಹಚ್ಚುತ್ತಿದ್ದರು, ಬಾಯಿ ಸುಟ್ಟುಕೊಳ್ಳುತ್ತಿದ್ದರು. ಸಂಜೆಯಾದರೆ ಗಲಾಟೆ ಬೇರೆ.

ಇವತ್ತೇ ನಿಲ್ಲಿಸಿ ಅಂದವರ ಮಾತು ಕೇಳಲಿಲ್ಲ. ಒಂದೆಲಗದ ತಂಬುಳಿ ದಿನಾ ಮಾಡಿದೆವು. ಊಟಕ್ಕೆ ರುಚಿ, ಮರೆವಿಗೆ ಏನೂ ಆಗಲಿಲ್ಲ. ಬಿ12, ಥೈರಾಯ್ಡ್ ಎರಡೂ ಸರಿ ಇತ್ತು.

ಕೆಲಸ ಮಾಡಿದ್ದು "ಮನೆಯಲ್ಲಿರೋ ಎಲ್ಲಾ ಮಾತ್ರೆ ಚೀಲಕ್ಕೆ ತುಂಬಿ ತಗೊಂಡು ಹೋಗಿ" ಅಂದವರ ಸಲಹೆ. ಶಿರಸಿಯ ಡಾಕ್ಟರು ಮೊದಲು ಕೊಲೆಸ್ಟ್ರಾಲ್ ಮಾತ್ರೆಯನ್ನೇ ಆರು ವಾರ ನಿಲ್ಲಿಸಿ ನೋಡಿದರು (ಹಾರ್ಟ್ ಅಟ್ಯಾಕ್, ಸ್ಟೆಂಟ್ ಆಗಿದ್ದರೆ ಹೀಗೆ ಮಾಡ್ತಿರಲಿಲ್ಲ ಅಂದರು). ಏನೂ ಬದಲಾಗಲಿಲ್ಲ. ಮತ್ತೆ ಶುರು ಮಾಡಿದ್ದೇವೆ. ಈ ಮಾತ್ರೆಗಳಿಂದ ಕೆಲವರಿಗೆ ಮರೆವು ಬರಬಹುದು, ಬಿಟ್ಟರೆ ಹೋಗುತ್ತದೆ ಅಂತ 2012ರಲ್ಲೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಲೇಬಲ್‌ಗೆ ಸೇರಿಸಿದೆಯಂತೆ, ಆದರೆ ಡಿಮೆನ್ಷಿಯಾ (ಮರೆವಿನ ಕಾಯಿಲೆ) ಬರಲು ಇವೇ ಕಾರಣ ಅಂತ ಸಾಬೀತಾಗಿಲ್ಲವಂತೆ.

ಆಮೇಲೆ ಚೀಲದ ತಳದಲ್ಲಿ ಸಿಕ್ಕಿತು ನೋಡಿ, ಶೀತದ ಮಾತ್ರೆಯ ಸ್ಟ್ರಿಪ್! ಮಳೆಗಾಲ ಶುರುವಾದಾಗಿನಿಂದ ಮೂಗು ಸೋರುತ್ತದೆ ಅಂತ ಅಪ್ಪಯ್ಯ ತಾವೇ ಅಂಗಡಿಯಿಂದ ತಂದು ದಿನಾ ರಾತ್ರಿ ನುಂಗುತ್ತಿದ್ದರು, ನಮಗೆ ಯಾರಿಗೂ ಗೊತ್ತೇ ಇರಲಿಲ್ಲ. ಅದರಲ್ಲಿರುವ ಕ್ಲೋರ್‌ಫೆನಿರಮೈನ್ ವಯಸ್ಸಾದವರ ತಲೆಗೆ ಮಂಕು ಕವಿಸುತ್ತದಂತೆ. ಅದನ್ನು ಬಿಡಿಸಿ ಹತ್ತು ದಿನ ಆಯ್ತು. ಮೂಲ ಕಾಯಿಲೆ ಇದ್ದೇ ಇದೆ, ನನ್ನನ್ನು ಈಗಲೂ ಒಮ್ಮೊಮ್ಮೆ ಚಿಕ್ಕಪ್ಪ ಅಂದುಕೊಳ್ಳುತ್ತಾರೆ. ಆದರೆ ಸಂಜೆಯ ಗಲಾಟೆ ಇಲ್ಲ, ಸುಣ್ಣ ಒಂದೇ ಸಲ.